ನಲವತ್ತೊಂದರಿಂದ ಮುಂದಕ್ಕೆ

ಹಿಟ್ಟಿನ ಗಿರಣಿಯವನನ್ನು ನಮ್ಮೂರಲ್ಲಿ ಎಲ್ಲರೂ ನಲವತ್ತೊಂದು ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಮಾಳವ್ವ ಒಬ್ಬಳು ಹಾಗೆ ಕರೆಯುತ್ತಿರಲಿಲ್ಲ, ಅವಳಿಗೆ ಅವನು "ಇವರೇ". ಅವನ ನಿಜವಾದ ಹೆಸರು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಅವನನ್ನು ಹೆತ್ತ ಹನುಮಕ್ಕ. ಅವಳು ತೀರಿಕೊಂಡು ಐವತ್ತೆರಡು ವರ್ಷವಾಯಿತು. ಇನ್ನೊಬ್ಬಳು ನಾನು.

ನಾನು ಇಳಿಸುವ ಮನೆಯವಳು. ನಮ್ಮೂರಲ್ಲಿ ಕೂಸು ಹುಟ್ಟಿದರೆ, ಅದು ಹುಟ್ಟಿದ ರಾತ್ರಿಯ ಆಕಾಶವನ್ನು ಉಗ್ರಾಣದಿಂದ ಇಳಿಸಿಕೊಳ್ಳುವ ತನಕ ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಉಗ್ರಾಣ ಎಲ್ಲಿದೆಯೋ ನಾನು ಕಂಡಿಲ್ಲ. ಅಲ್ಲಿ ದಿನಾ ರಾತ್ರಿ ದೊಡ್ಡ ದುರ್ಬೀನು ಇಟ್ಟು ಆಕಾಶದ ಚಿತ್ರ ತೆಗೆದು, ತಾರೀಖು ಹಾಕಿ ಜೋಡಿಸಿಡುತ್ತಾರಂತೆ. ಕೇಳಿದವರಿಗೆ ಕೊಡುತ್ತಾರೆ, ಇಲ್ಲ ಅಂದದ್ದಿಲ್ಲ. ತಾಯಿಯೋ ತಂದೆಯೋ ಬಂದು ತಾವು ಇಟ್ಟ ಹೆಸರನ್ನು ನನ್ನ ಕಿವಿಯಲ್ಲಿ ಹೇಳುತ್ತಾರೆ. ನಾನು ಕಪ್ಪು ಪರದೆಯ ಮುಂದೆ ಕೂತು ಒಂದು ಸಾಲು ಒತ್ತುತ್ತೇನೆ. ಆಕಾಶ ಇಳಿಯತೊಡಗುತ್ತದೆ. ಆದರೆ ಕೇಳಿದವರು ಎದುರಿಗೆ ಕೂತಿರುವಷ್ಟು ಹೊತ್ತು ಮಾತ್ರ ಇಳಿಯುತ್ತದೆ, ಎದ್ದರೆ ನಿಂತುಬಿಡುತ್ತದೆ. ಹೆತ್ತವರು ಕೂರಬೇಕು, ಇಲ್ಲವೇ ಹನ್ನೆರಡು ವರ್ಷ ತುಂಬಿದ ಮೇಲೆ ಆ ಕೂಸೇ ಬಂದು ಕೂರಬೇಕು. ಬೇರೆ ಯಾರು ಕೂತರೂ ಒಂದು ಹನಿ ಬರುವುದಿಲ್ಲ. ನನ್ನ ದೊಡ್ಡಮ್ಮ ಇಳಿಸುತ್ತಿದ್ದ ಕಾಲದಲ್ಲೂ ಹೀಗೇ ಇತ್ತು.

ಕೂತವರು ಸುಮ್ಮನೆ ಕೂರುವುದಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾರೆ, ಬೀಡಿ ಕಟ್ಟುತ್ತಾರೆ, ಕ್ಷೌರದವನನ್ನು ಅಲ್ಲಿಗೇ ಕರೆಸಿ ತಲೆ ಕೊಡುತ್ತಾರೆ. ಹೆಣ್ಣು ನೋಡುವ ಮಾತುಕತೆ ಎಷ್ಟೋ ಆ ಕುರ್ಚಿಯ ಸುತ್ತಲೇ ಮುಗಿದಿವೆ. ನೂರಕ್ಕೆ ಎಷ್ಟು ಪಾಲು ಇಳಿಯಿತು ಎಂದು ತೋರಿಸುವ ಅಂಕಿ ಪರದೆಯ ಮೂಲೆಯಲ್ಲಿ ಬರುತ್ತಿರುತ್ತದೆ. ನೋಡಿದರೆ ದೃಷ್ಟಿಯಾಗುತ್ತದೆ ಎಂದು ಅದರ ಮೇಲೆ ಒಂದು ಬಟ್ಟೆಯ ಚೂರು ಅಂಟಿಸಿರುತ್ತೇವೆ. ಎದ್ದು ಹೋಗುವಾಗ ಅದನ್ನೆತ್ತಿ ನಾನೊಬ್ಬಳು ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಈಗಿನ ಕೂಸುಗಳ ಆಕಾಶ ಹಗುರ. ಒಂದು ಬೆಳಗಿನಲ್ಲಿ ಬಂದುಬಿಡುತ್ತದೆ. ಹಳೆಯವು ಹಾಗಲ್ಲ. ಆಗ ಗಾಜಿನ ಹಲಗೆಯ ಮೇಲೆ ಚಿತ್ರ ತೆಗೆಯುತ್ತಿದ್ದರಂತೆ. ಅಂಥವು ಎಮ್ಮೆಯಷ್ಟು ಭಾರ, ಆ ಕಡೆಯ ಯಂತ್ರವೂ ಮುದಿ. ನಲವತ್ತೊಂದನ ಆಕಾಶ ಆ ಕಾಲದ್ದು. ಹನುಮಕ್ಕ ಸುಣ್ಣದ ಗೂಡಿನಲ್ಲಿ ನೀರು ಹೊರುವವಳು. ಗಂಡ ಕೂಸು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಹೊತ್ತು ಸಿಕ್ಕಾಗೆಲ್ಲ ಬಂದು, ಬಾಣಂತಿ ಮೈಯಲ್ಲಿ ಹತ್ತೊಂಬತ್ತು ದಿನ ಕೂತಳು. ಮಡಿಲಲ್ಲಿ ಕೂಸು, ಅಂಗೈಯಲ್ಲಿ ಸುಣ್ಣದ ಬಿರುಕು. ಇಪ್ಪತ್ತನೆಯ ದಿನ ಬರಲಿಲ್ಲ. ಜ್ವರ ಎಂದರು. ಇಪ್ಪತ್ತಮೂರನೆಯ ದಿನ ಹೆಣ ಎತ್ತಿದರು. ಪುಸ್ತಕದಲ್ಲಿ ಇಳಿದ ಪಾಲು ನಲವತ್ತೊಂದು ಎಂದು ಬರೆದು ಮುಚ್ಚಿದೆ. ಊರಿನವರು ಅದನ್ನೇ ಕೂಸಿಗೆ ಇಟ್ಟರು. ಸ್ಕೂಲಿನಲ್ಲಿ ಹಾಜರಿಯೂ ಹಾಗೇ. ಅವನೊಬ್ಬನೇ ಅಲ್ಲ, ಅವನ ಜೊತೆಯಲ್ಲಿ ಒಬ್ಬ ಎಪ್ಪತ್ತೆಂಟು, ಒಬ್ಬಳು ಹದಿನೇಳು ಇದ್ದರು. ಅವರಿಬ್ಬರೂ ಆಮೇಲೆ ಕೂತು ಹೆಸರು ಬಿಡಿಸಿಕೊಂಡರು. ಇವನಿಗೆ ಗಿರಣಿ ಬಂತು, ಗಿರಣಿಯ ಬೆಲ್ಟು ಬಂತು, ಹೆಂಡತಿ ಬಂದಳು. ಕೂರಲಿಕ್ಕೆ ಪುರುಸೊತ್ತು ಬರಲಿಲ್ಲ.

ಮದುವೆಯ ಮುಂಚೆ ಒಂದು ಸಲ ಬಂದು ಬಾಗಿಲಲ್ಲಿ ನಿಂತಿದ್ದ. "ಈರಕ್ಕ, ಯಾರಿಗೂ ಹೇಳಕಿಲ್ಲ. ಕಿವೀಲಿ ಹೇಳ್ಬಿಡು," ಅಂದ. ಆಗುವುದಿಲ್ಲ ಅಂದೆ. "ನನ್ನ ಹೆಸರು ಕಣಕ್ಕ, ನಿಂದಲ್ಲ." ಆಗುವುದಿಲ್ಲ ಎಂದು ಮತ್ತೆ ಅಂದೆ. ಅಲ್ಲಿಂದ ಹನ್ನೊಂದು ವರ್ಷ ನನ್ನ ರಾಗಿಯನ್ನು ಅವನು ದಪ್ಪಗೇ ಬೀಸಿಕೊಟ್ಟ. ಮುದ್ದೆ ನುಂಗಿದರೆ ಗಂಟಲು ಕೆರೆಯುತ್ತಿತ್ತು. ನಾನೂ ಏನೂ ಕೇಳಲಿಲ್ಲ, ನುಂಗಿದೆ.

ನನಗೀಗ ಎಪ್ಪತ್ತಾರು. ಕೈ ನಡುಗುತ್ತದೆ, ಕೂತಲ್ಲೇ ಕಣ್ಣು ಎಳೆಯುತ್ತದೆ. ಬಾಯಿಗೆ ಬರುವ ಹಾಗಿಲ್ಲದ ಎಂಟು ಹೆಸರು ನನ್ನ ಹತ್ತಿರ ಉಳಿದಿದ್ದವು. ಅವರಲ್ಲಿ ಏಳು ಜನ ಸತ್ತೂ ಹೋಗಿದ್ದರು. ಸತ್ತವರ ಹೆಸರು ಬೆಳಗ್ಗೆ ಮುಖ ತೊಳೆಯುವಾಗ, ಒಲೆ ಊದುವಾಗ, ಬೇಡದ ಹೊತ್ತಿನಲ್ಲಿ ನಾಲಿಗೆಯ ತುದಿಗೆ ಬಂದು ನಿಲ್ಲುತ್ತವೆ. ಉಗುಳುವ ಹಾಗಿಲ್ಲ. ಈ ಕೆಲಸ ಸಾಕು ಎಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಅಷ್ಟರಲ್ಲಿ ಉಗ್ರಾಣದಿಂದಲೇ ಕಾಗದ ಬಂತು. ಹಳೆಯ ಬಾಗಿಲು ಬರುವ ಅಮಾವಾಸ್ಯೆಯ ಸಂಜೆಗೆ ಮುಚ್ಚುತ್ತದೆ, ಹೊಸ ಬಾಗಿಲು ತೆರೆಯುತ್ತದೆ, ಆದರೆ ಗಾಜಿನ ಹಲಗೆಯ ಚಿತ್ರಗಳು ಅಲ್ಲಿಗೆ ಬರುವುದಿಲ್ಲ ಎಂದು. ಓದಿಸಿ ಕೇಳಿಕೊಂಡು, ಮೇಲುಹೊದಿಕೆ ಹೊದ್ದು, ನಾನೇ ಗಿರಣಿಗೆ ನಡೆದು ಹೋದೆ.

ಗಿರಣಿ ಸದ್ದು ಮಾಡುತ್ತಿತ್ತು. ಅವನ ರೆಪ್ಪೆಯ ಮೇಲೆಲ್ಲ ಹಿಟ್ಟು. ವಿಷಯ ಹೇಳಿದ್ದಕ್ಕೆ ಬೆಲ್ಟು ನಿಲ್ಲಿಸಿದ. "ಎಷ್ಟು ದಿನ ಐತೆ?" ಎಂದ. ಹತ್ತು ಅಂದೆ. "ಐವತ್ತೆರಡು ವರ್ಷ ಇಲ್ದೇ ಇದ್ದೋನಿಗೆ ಈಗ ಯಾಕೆ ಬೇಕಕ್ಕ ಹೆಸರು?" ಎಂದು ನಗಲು ನೋಡಿದ. ಒಳಗಿಂದ ಮಾಳವ್ವ ಹೊರಗೆ ಬಂದಳು.

"ನಂಗೇನೂ ನಷ್ಟ ಇಲ್ಲ ಕಣಕ್ಕ. ಇವರಿಗೆ ಹೆಸರಿದ್ರೂ ನಾನೇನು ಕರೀತಿದ್ನಾ?" ಎಂದಳು. "ಆದ್ರೆ ಒಳಗೆ ತೊಟ್ಟಿಲಲ್ಲಿ ಒಂದು ಮಲಗೈತಲ್ಲ, ಅದಕ್ಕೇನು ಮಾಡೋದು ಹೇಳು."

ಅವರ ಮಗನಿಗೆ ಗಂಡುಮಗು ಹುಟ್ಟಿ ಹದಿನೈದು ದಿನವಾಗಿತ್ತು. ಸೊಸೆ ಸುಗುಣ ಒಂದೇ ಬೆಳಗಿನಲ್ಲಿ ಕೂತು ಅದರ ಆಕಾಶವನ್ನು ಇಳಿಸಿಕೊಂಡು ಹೋಗಿದ್ದಳು. ಆಕಾಶ ಬಂದಿತ್ತು, ನನ್ನ ಕಿವಿಯಲ್ಲಿ ಹೇಳಲು ಹೆಸರೇ ಇರಲಿಲ್ಲ. ಮೊದಲ ಮೊಮ್ಮಗನಿಗೆ ತಾತನ ಹೆಸರು ಇಡುವುದು ನಮ್ಮಲ್ಲಿನ ಕ್ರಮ. ತಾತನ ಹೆಸರು ನನ್ನ ಬಾಯಲ್ಲಿತ್ತು. ಅದು ಈ ಅಮಾವಾಸ್ಯೆಗೆ ಹೊರಗೆ ಬರದಿದ್ದರೆ ತಾತನ ಜೊತೆಗೆ ಮೊಮ್ಮಗನೂ ಹಾಗೇ ಉಳಿಯಬೇಕು. "ಇವನನ್ನೇನಂತ ಕರೀಲಿ? ಮರಿ ನಲವತ್ತೊಂದು ಅನ್ಲಾ?" ಎಂದಳು ಮಾಳವ್ವ. ನಲವತ್ತೊಂದು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹಿಟ್ಟು ಕೊಡವಿದ. ಮರುದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ಜಗಲಿಯ ಮೇಲೆ ಕೂತಿದ್ದ.

ನಾನು ಓದಿರುವುದು ಎರಡನೆಯ ಕ್ಲಾಸು. ಪರದೆಯ ಮೇಲಿನ ಅಕ್ಷರ ನನಗೆ ಬೇರೆ ಊರಿನ ಜನರಿದ್ದ ಹಾಗೆ, ಮುಖ ಗೊತ್ತು, ಮಾತು ಗೊತ್ತಿಲ್ಲ. ಸಾಲು ಎರಡು ಬಗೆ. ಹೊಸ ಕೂಸಿಗೆ ಬರೀ ನಾಲ್ಕಕ್ಷರ ಒತ್ತಿ, ಜಾಗ ಬಿಟ್ಟು, ಉಗ್ರಾಣದ ವಿಳಾಸ ಒತ್ತಿದರಾಯಿತು. ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಬೇಕಾದರೆ ನಡುವೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಒಡೆದ ಬಳೆಯಂಥ ಒಂದು ಅಕ್ಷರ. ಬಿಟ್ಟಲ್ಲಿಂದ ಹಿಡಿ ಎಂದು ಯಂತ್ರಕ್ಕೆ ಹೇಳುವುದು ಆ ಅಕ್ಷರವೇ. ಅದನ್ನು ನಾನು ಸಾವಿರ ಸಲ ಒತ್ತಿದ್ದೇನೆ. ಅವತ್ತು ಹಳೆಯ ಪುಸ್ತಕ ತೆಗೆದೆ. ಹೆಸರು ಬರುವ ತನಕ ಪುಸ್ತಕದಲ್ಲಿ ಎಲ್ಲರೂ ಕೂಸುಗಳೇ, ತಲೆ ಬೆಳ್ಳಗಾಗಿದ್ದರೂ. "ಹನುಮಕ್ಕನ ಕೂಸು" ಎಂದು ನನ್ನದೇ ಕೈಬರಹದಲ್ಲಿತ್ತು. ಕೂಸು ಎಂದು ಓದಿಕೊಂಡೆ, ವಿಳಾಸ ನೋಡಿಕೊಂಡೆ, ಕೈ ತನ್ನಷ್ಟಕ್ಕೆ ಹೊಸ ಕೂಸಿನ ಸಾಲು ಒತ್ತಿತು. ಬಟ್ಟೆಯ ಚೂರು ಅಂಟಿಸಿ, "ಕೂತ್ಕೋ" ಅಂದೆ.

ಅವನು ಕೂತ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ದಿನಕ್ಕೆ ಆರು ಪಾಲು ಬರುತ್ತದೆ, ಉಳಿದ ಐವತ್ತೊಂಬತ್ತು ಹತ್ತು ದಿನಕ್ಕೆ ಸರಿಹೋಗುತ್ತದೆ ಎಂದು ಇಬ್ಬರೂ ಬೆರಳೆಣಿಸಿದ್ದೆವು. ಗಿರಣಿ ಮುಚ್ಚಿತು. ಎರಡನೆಯ ದಿನಕ್ಕೇ ಊರಲ್ಲಿ ಹಿಟ್ಟು ಮುಗಿದು, ರಾಗಿಪುಟ್ಟಿ ಹೊತ್ತ ಹೆಂಗಸರು ನನ್ನ ಮನೆಗೆ ಬರತೊಡಗಿದರು. ಅವರಲ್ಲಿ ಮುಂದಾಳು ಮೂಲೆಮನೆಯ ಸಾವಂತ್ರಕ್ಕ.

"ಏ ನಲವತ್ತೊಂದು, ಹೆಸರಿಟ್ಕೊಂಡು ಏನು ಮಾಡ್ತೀಯೋ? ಮುದ್ದೆಗಾಯ್ತದಾ ಅದು?"

"ನಿಮಗೆ ಐತಲ್ಲ ಸಾವಂತ್ರಕ್ಕ, ನೀವೇನು ಮಾಡಿದ್ರಿ?"

"ನಂದು ಎರಡೇ ದಿನಕ್ಕೆ ಬಂದಿತ್ತು ಕಣೋ. ನಮ್ಮವ್ವ ಗಟ್ಟಿಗಿತ್ತಿ."

ಅಲ್ಲಿದ್ದ ಹೆಂಗಸರು ತಮ್ಮ ಪುಟ್ಟಿಯ ರಾಗಿಯಲ್ಲಿ ಕೈಯಾಡಿಸತೊಡಗಿದರು. ಸಾವಂತ್ರಕ್ಕನಿಗೂ ತಾನು ಆಡಿದ್ದು ಗೊತ್ತಾಯಿತು. ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, "ಬೀಸೋ ಕಲ್ಲು ಹಿತ್ತಲಲ್ಲಿ ಬಿದ್ದೈತೆ, ಅದನ್ನೇ ತೊಳ್ಕೊಂತೀನಿ ಬಿಡು," ಎಂದು ಹೊರಟುಹೋದಳು.

ಮೊದಲ ಮೂರು ದಿನ ನಾನು ಬಟ್ಟೆ ಎತ್ತಿ ನೋಡಲಿಲ್ಲ. ಅವನೇ ಬೇಡ ಅಂದಿದ್ದ. "ನೀನೂ ನೋಡ್ಬೇಡಕ್ಕ, ಈ ಸಲ ದೃಷ್ಟಿ ಬೇಡ." ನಾಲ್ಕನೆಯ ಸಂಜೆ ಅವನು ಎದ್ದು ಕಾಲು ಜಾಡಿಸುತ್ತಾ ಹೊರಗೆ ಹೋದಾಗ, ಯಾಕೋ ಮನಸ್ಸು ತಡೆಯದೆ ಬಟ್ಟೆ ಎತ್ತಿದೆ. ಅರವತ್ತೈದು ಇರಬೇಕಾದಲ್ಲಿ ಇಪ್ಪತ್ತನಾಲ್ಕು ಇತ್ತು. ಕಣ್ಣುಜ್ಜಿಕೊಂಡು ನೋಡಿದೆ. ಮೇಲಿನ ಸಾಲಿನಲ್ಲಿ ನಾಲ್ಕಕ್ಷರ, ಜಾಗ, ವಿಳಾಸ. ಒಡೆದ ಬಳೆ ಇರಲಿಲ್ಲ. ಅವನು ಬಾಗಿಲಿಂದ ತಲೆ ಹಾಕಿ, "ಬರ್ತಾ ಐತಾ ಅಕ್ಕ?" ಎಂದು ಕೇಳಿದ. ಬರ್ತಾ ಐತೆ ಅಂದೆ. ಬಟ್ಟೆ ಮತ್ತೆ ಅಂಟಿಸಿದೆ. ನಾನು ಬೇಕೆಂದು ಆಡಿದ ಸುಳ್ಳುಗಳು ಕಡಿಮೆ, ಅದರಲ್ಲಿ ಅದೊಂದು.

ಮರುದಿನ ಅವನು ಕುರ್ಚಿಯಲ್ಲಿ ಕೂರುವ ಮೊದಲೇ ತಡೆದು, "ನಿಂಗೊಂದು ಮಾತು ಹೇಳ್ಬೇಕು," ಅಂದೆ.

"ಕರೆಂಟು ಹೋಯ್ತದಂತಾ?"

"ಇಲ್ಲ. ನನ್ನಿಂದ ತಪ್ಪಾಗೈತೆ. ಹೊಸ ಕೂಸಿನ ಸಾಲು ಒತ್ತಿಬಿಟ್ಟಿದ್ದೀನಿ. ಮೊದಲಿಂದ ಬರ್ತಾ ಐತೆ. ಇಪ್ಪತ್ತನಾಲ್ಕೇ ಆಗಿರೋದು."

ಅವನು ನಾಲ್ಕು ದಿನದಿಂದ ಹಿಟ್ಟು ಮುಟ್ಟದಿದ್ದರೂ ಹುಬ್ಬನ್ನು ಕೈಯಿಂದ ಕೊಡವಿಕೊಂಡ.

"ನಿನ್ನೆ ಬರ್ತಾ ಐತೆ ಅಂದೆ."

"ಅಂದೆ."

"ಗೊತ್ತಿತ್ತಾ ಆಗ?"

"ಗೊತ್ತಿತ್ತು."

ಬಯ್ಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಕುರ್ಚಿಯ ಹಿಂಭಾಗ ಹಿಡಿದುಕೊಂಡು ಮೆಲ್ಲಗೆ, "ಹೆಸರು ಹೋದ್ರೆ ಹೋಗ್ಲಿ ಬಿಡಕ್ಕ. ನಮ್ಮವ್ವ ಕೂತಿದ್ದು? ಆ ಹತ್ತೊಂಬತ್ತು ದಿನ? ಅದ್ರ ಮೇಲೆ ಇದನ್ನ ಸುರಿದುಬಿಟ್ಯಾ?" ಎಂದ.

ಅದು ನನಗೂ ಗೊತ್ತಿರಲಿಲ್ಲ. ಇಡೀ ಇರುಳು ಸಾಲಿನ ಬಗ್ಗೆ, ದಿನಗಳ ಬಗ್ಗೆ ಯೋಚಿಸಿದ್ದೆ. ಇದು ಹೊಳೆದಿರಲಿಲ್ಲ. ಹನುಮಕ್ಕ ಬಾಣಂತಿ ಮೈಯಲ್ಲಿ ಕೂತು ಇಳಿಸಿದ್ದು ಒಳಗೆಲ್ಲೋ ಇತ್ತು. ನಾಲ್ಕು ಯಂತ್ರ ಹಾಳಾಗಿ ಹೋದರೂ ಅದನ್ನು ಪ್ರತಿಸಲ ಹೊಸದಕ್ಕೆ ದಾಟಿಸಿಕೊಂಡು ಬಂದಿದ್ದೆ. ಈಗ ಒಂದು ಅಕ್ಷರಕ್ಕೆ ಅದನ್ನು ಅಳಿಸಿಬಿಟ್ಟೆನೋ ಏನೋ. ಯಂತ್ರದ ಮುಂದೆ ಕೂತೆ. ಎರಡು ಬೆರಳು ಒತ್ತಿ ಇಳಿಯುವುದನ್ನು ಕೊನೆಗಾಣಿಸಿದೆ. ಆಮೇಲೆ ಏನೇನಿದೆ ತೋರಿಸು ಎಂದು ಕೇಳುವ ಎರಡಕ್ಷರ ಒತ್ತಲು ಹೋದರೆ ಬೆರಳು ಬೇರೆಲ್ಲೋ ಬೀಳುತ್ತಿತ್ತು. ಮೂರನೆಯ ಸಲಕ್ಕೆ ಸರಿಯಾಗಿ ಒತ್ತಿದೆ. ಪಟ್ಟಿ ಸುರಿದು ನಿಂತಿತು. ಇಬ್ಬರೂ ಮುಖ ತಂದು ನೋಡಿದೆವು. ಒಂದರ ಕೆಳಗೊಂದು, ಅಕ್ಕತಂಗಿಯರ ಹಾಗೆ, ಒಂದೇ ತಾರೀಖಿನ ಎರಡು ಆಕಾಶ ಇದ್ದವು. ಕೆಳಗಿನದಕ್ಕೆ ಬಾಲದಲ್ಲಿ ಒಂದು ಚುಕ್ಕೆ, ಒಂದು ಎಂಬ ಅಂಕಿ. ಅದರ ಎದುರಿಗೆ ಸಣ್ಣ ಲೆಕ್ಕ. ಮೇಲಿನದರ ಎದುರಿಗೆ ದೊಡ್ಡದು.

"ಇದೇನಕ್ಕ?"

"ಯಂತ್ರಕ್ಕೆ ನನಗಿಂತ ಬುದ್ಧಿ ಐತೆ," ಅಂದೆ. "ಹಳೇದನ್ನ ಮುಟ್ಟಿಲ್ಲ. ಹೊಸದನ್ನ ಪಕ್ಕದಲ್ಲಿ ಇಟ್ಟೈತೆ. ನಿಮ್ಮವ್ವ ಕೂತಿದ್ದು ಹಂಗೇ ಐತೆ ಕಣಪ್ಪ, ನಲವತ್ತೊಂದೂ ಐತೆ."

ಅವನು ಪರದೆಯ ಮೇಲೆ ಆ ದೊಡ್ಡ ಲೆಕ್ಕದ ಮೇಲೆ ಬೆರಳಿಟ್ಟ. ಬೆರಳು ತೆಗೆಯದೆ, "ಹಂಗಾದ್ರೆ ಎಷ್ಟು ದಿನ ಐತೆ ನಮಗೆ?" ಎಂದ. ಆ ದಿನ ಸೇರಿ ಆರು. ಹಗಲಷ್ಟೇ ಕೂತರೆ ಸಾಲದು. ಹಗಲಿರುಳು ಕೂತರೆ ದಿನಕ್ಕೆ ಹನ್ನೆರಡು ಬರುತ್ತದೆ, ಐದು ದಿನಕ್ಕೆ ಮುಟ್ಟಬಹುದು. ಅವನು ಅದನ್ನು ನನಗಿಂತ ಬೇಗ ಲೆಕ್ಕ ಹಾಕಿದ. "ಒತ್ತು," ಎಂದು ಕುರ್ಚಿಯಲ್ಲಿ ಕೂತ. ನಾಲ್ಕಕ್ಷರ, ಜಾಗ, ಅಡ್ಡಗೆರೆ, ಒಡೆದ ಬಳೆ. ಅಷ್ಟು ಒತ್ತಿ ಅವನಿಗೆ ತೋರಿಸಿದೆ. ಅವನು ತಲೆಯಾಡಿಸಿದ. ವಿಳಾಸ ಒತ್ತಿದೆ. ಈ ಸಲ ಬಟ್ಟೆ ಅಂಟಿಸಲಿಲ್ಲ. ಮೂಲೆಯಲ್ಲಿ ನಲವತ್ತೊಂದು ಕಾಣಿಸಿತು.

ಮಾಳವ್ವ ಊಟ ತಂದಾಗ ಎಲ್ಲ ಹೇಳಿದೆ. ಅವಳು ಬಾಯಿಗೆ ಸೆರಗಿಟ್ಟುಕೊಂಡಳು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು. "ಅಯ್ಯೋ ಈರಕ್ಕ, ಈ ಗಡವನಿಗೆ ಹಾಲುಗಲ್ಲದ ಕೂಸಿನ ಸಾಲು ಒತ್ತಿದ್ಯಾ? ಇವರ ಮೀಸೆ ಕಾಣ್ಲಿಲ್ವಾ ನಿಂಗೆ?" ಅವನೂ ನಕ್ಕ. ನನಗೆ ನಗು ಬರಲಿಲ್ಲ. ಅಲ್ಲೇ ಗೋಡೆಗೊರಗಿ ಕೂತೆ, ಅವನು ಎದ್ದೇಳುವ ತನಕ ನಾನೂ ಎದ್ದೇಳಬಾರದು ಎಂದುಕೊಂಡು. ನಾನು ಕೂತದ್ದಕ್ಕೆ ಒಂದು ಹನಿಯೂ ಜಾಸ್ತಿ ಬರುತ್ತಿರಲಿಲ್ಲ. ಆದರೂ ಕೂತೆ.

ಆ ಐದು ದಿನ ಹೇಗೆ ಕಳೆದವೋ ವಿವರವಾಗಿ ಹೇಳಲು ನನ್ನಲ್ಲಿ ಶಕ್ತಿ ಇಲ್ಲ. ಕೂತಲ್ಲೇ ಉಂಡ, ಕೂತಲ್ಲೇ ತೂಕಡಿಸಿದ. ನಿದ್ದೆ ಮಾಡಬಹುದು, ಮೈ ಕುರ್ಚಿಯಲ್ಲಿರಬೇಕು, ಅಷ್ಟೇ. ಮೂರನೆಯ ದಿನಕ್ಕೆ ಕಾಲು ಕುಂಬಳಕಾಯಿಯ ಹಾಗೆ ಊದಿದವು. ಮಾಳವ್ವ ಗೋಧಿಮೂಟೆ ಹೊರಿಸಿಕೊಂಡು ಬಂದು ಅದರ ಮೇಲೆ ಕಾಲಿಡಿಸಿದಳು. ಬಯಲಿಗೆ ಹೋಗಿ ಬರುವಷ್ಟು ಹೊತ್ತು ಅಂಕಿ ನಿಲ್ಲುತ್ತಿತ್ತು. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ, ಬೈದು ಕುಡಿಸಬೇಕಾಯಿತು. ಒಂದು ಮಧ್ಯಾಹ್ನ ಸಾವಂತ್ರಕ್ಕ ಬೀಸುವ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಮುದ್ದೆ ತಂದು ಅವನ ಮುಂದಿಟ್ಟಳು. ಅವನು ಒಂದು ತುತ್ತು ನುಂಗಿ, "ದಪ್ಪ ಆಗೈತೆ ಸಾವಂತ್ರಕ್ಕ," ಎಂದ. "ನುಂಗೋ ಸುಮ್ನೆ, ಗಿರಣಿಯೋನು ಬಂದ," ಎಂದು ಅವಳು ಅಲ್ಲೇ ಕೂತಳು. ಅವಳಂತೆಯೇ ಒಬ್ಬೊಬ್ಬರಾಗಿ ಬಂದು ಕೂತರು. ಕೂತು ಏನೂ ಮಾಡಲಿಲ್ಲ. ಅಂಕಿ ನೋಡಿದರೆ ದೃಷ್ಟಿ ಎನ್ನುತ್ತಿದ್ದ ಜನವೇ ಅಂಕಿ ನೋಡುತ್ತಾ ಕೂತರು.

ಅಮಾವಾಸ್ಯೆಯ ದಿನ ನಡುಹಗಲು ಕಳೆದು ಸ್ವಲ್ಪ ಹೊತ್ತಿಗೆ ಅಂಕಿ ನೂರಕ್ಕೆ ಬಂದು, ಸಾಲು ಮುರಿದು ಕೆಳಗಿಳಿಯಿತು. ಆದರೆ ಇನ್ನೂ ಒಂದು ಕೆಲಸವಿತ್ತು. ಬಂದದ್ದು ಎಲ್ಲೂ ಕೆಡದೆ ಬಂದಿದೆಯೇ ಎಂದು ನೋಡಲು ಉಗ್ರಾಣದವರು ಪ್ರತಿ ಆಕಾಶದ ಜೊತೆಗೂ ಮೂವತ್ತೆರಡು ಅಕ್ಷರದ ಒಂದು ಗುರುತು ಕೊಟ್ಟಿರುತ್ತಾರೆ. ನಮ್ಮ ಯಂತ್ರವೂ ಬಂದದ್ದನ್ನು ಅಳೆದು ಒಂದು ಗುರುತು ಹೇಳುತ್ತದೆ. ಎರಡೂ ಒಂದೇ ಆದರೆ ಮಾತ್ರ ಹೆಸರು. ಒಂದರಲ್ಲಿ ಒಂದಕ್ಷರ ಬೇರೆಯಾದರೂ ಇಲ್ಲ. ಮೊದಲ ಪಾಲು ಐವತ್ತೆರಡು ವರ್ಷದ ಹಿಂದೆ ಬಂದದ್ದು, ನಾಲ್ಕು ಯಂತ್ರ ದಾಟಿದ್ದು. ಅದರಲ್ಲಿ ಎಲ್ಲಾದರೂ ಒಂದು ಕಣ ಉದುರಿದ್ದರೆ ಈ ಐದು ದಿನವೂ ಹೋಯಿತು, ಆ ಹತ್ತೊಂಬತ್ತೂ ಹೋಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನ ಮುಖ ನೋಡಿದರೆ ಅವನಿಗೆ ಗೊತ್ತಿತ್ತು ಅನ್ನಿಸಿತು.

ಎಡಗೈ ಬೆರಳು ಒಂದರ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ ಇಟ್ಟು, ಒಂದೊಂದೇ ಅಕ್ಷರ ಸರಿಸುತ್ತಾ ಹೋದೆ. ಒಂಬತ್ತು, ಒಂಬತ್ತು. ಕೊಕ್ಕೆ, ಕೊಕ್ಕೆ. ಸೊನ್ನೆ, ಸೊನ್ನೆ. ಹದಿನಾಲ್ಕನೆಯದರಲ್ಲಿ ಕಣ್ಣು ಮಂಜಾಗಿ ಎಲ್ಲಿದ್ದೆನೋ ತಪ್ಪಿಹೋಯಿತು, ಮತ್ತೆ ಮೊದಲಿಂದ ಹಿಡಿದೆ. "ನಿಧಾನ ಕಣಕ್ಕ, ಹೊತ್ತೈತೆ," ಎಂದು ಅವನೇ ನನಗೆ ಹೇಳಿದ. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಎರಡು ಬೆರಳೂ ಒಟ್ಟಿಗೆ ಕೊನೆ ಮುಟ್ಟಿದವು.

"ಬಂತು," ಅಂದೆ.

ಸುಗುಣ ಕೂಸನ್ನೆತ್ತಿಕೊಂಡು ಮುಂದೆ ಬಂದಳು. ಹೆಸರನ್ನು ಮೂರು ಸಲ ಕರೆಯಬೇಕು. ಹೆಸರಿನವರು ಓಗೊಡಬೇಕು, ಬಾಯಿ ಬಾರದ ಕೂಸಾದರೆ ತಾಯಿ ಓ ಅನ್ನಬೇಕು. ಅಷ್ಟಾದರೆ ಆ ಹೆಸರು ನನ್ನದಲ್ಲ, ಊರಿನದು. ಎದ್ದು ನಿಂತೆ. ಇಷ್ಟು ವರ್ಷ ಒಳಗೇ ಇದ್ದ ಮಾತಿಗೆ ಹೊರಗೆ ಬರುವುದು ಮರೆತಿತ್ತೋ ಏನೋ, ಮೊದಲು ಬರೀ ಗಾಳಿ ಬಂತು. ಗಂಟಲು ಸರಿಮಾಡಿಕೊಂಡೆ.

"ಮುದ್ದುರಂಗ," ಅಂದೆ.

"ಓ," ಎಂದಳು ಸುಗುಣ, ಕೂಸಿನ ಪರವಾಗಿ, ರೂಢಿಯ ಹಾಗೆ. ಎಲ್ಲರೂ ಗೊಳ್ಳೆಂದು ನಕ್ಕರು. "ನಿನ್ನ ಮಗಂದು ಆಮೇಲೆ ಕಣವ್ವ, ಮೊದ್ಲು ದೊಡ್ಡ ಕೂಸು," ಎಂದು ಸಾವಂತ್ರಕ್ಕ ಅವಳ ಬೆನ್ನು ತಟ್ಟಿದಳು.

"ಮುದ್ದುರಂಗ," ಎಂದು ಎರಡನೆಯ ಸಲ ಅಂದೆ.

ಅವನು ಕುರ್ಚಿಯಲ್ಲೇ ಇದ್ದ, ಊದಿದ ಕಾಲು ಮೂಟೆಯ ಮೇಲೆ. ಕೂಸಿನ ಕಡೆ ತಿರುಗಿ ಅದರ ಮುಖ ನೋಡುತ್ತಿದ್ದ. ಮುಖವೆಲ್ಲ ಅರಳಿತ್ತು. "ಚೆನ್ನಾಗೈತೆ ಕಣಕ್ಕ," ಎಂದ. "ಮಗೀಗೆ ಒಪ್ತದೆ. ನಮ್ಮವ್ವ ಚೆನ್ನಾಗಿರೋದೇ ನೋಡಿ ಇಟ್ಟವ್ಳೆ."

"ಮಗೀಗಲ್ಲ ಕಣೋ," ಅಂದೆ. "ನಿಂಗೆ ಇಟ್ಟಿದ್ದು."

ಅವನ ನಗು ಹಾಗೇ ನಿಂತಿತು. ಮೂರನೆಯ ಸಲ ನಾನು ನಿಧಾನವಾಗಿ, ಕೊನೆಯನ್ನು ಸ್ವಲ್ಪ ಎಳೆದು, ಸಂಜೆ ಹೊಸ್ತಿಲಲ್ಲಿ ನಿಂತು ಬೀದಿಯಲ್ಲಿ ಆಡುತ್ತಿರುವವನನ್ನು ಕರೆಯುವ ಹಾಗೆ ಕರೆದೆ.

"ಮುದ್ದುರಂಗಾ."

ಅವನು ಮೂಟೆಯಿಂದ ಕಾಲಿಳಿಸಿದ. ಕುರ್ಚಿಯ ಎರಡೂ ಕೈ ಹಿಡಿದು ಎದ್ದ. ಕಾಲು ನಿಲ್ಲಲಿಲ್ಲ, ಮಾಳವ್ವ ರಟ್ಟೆ ಹಿಡಿದುಕೊಂಡಳು. ಅವನು ನನ್ನನ್ನಾಗಲಿ ಕೂಸನ್ನಾಗಲಿ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದ.

"ಓ," ಎಂದ. ಆಮೇಲೆ ಮೆಲ್ಲಗೆ, "ಬಂದೆ ಕಣವ್ವ," ಎಂದ.